ಮೂರು ಮಡಿಕೆಯ ಮರೆ

ಜನವರಿ 9

ಚಿಕ್ಕಮ್ಮಾ,

ಈ ಕಾಗದಕ್ಕೆ ಏನಾದರೂ ನಾತ ಬಂದರೆ ನನ್ನನ್ನು ಬೈಯಬೇಡ. ಮೂರು ಸಲ ಕೈ ತೊಳೆದು ಬರೆಯಲು ಕೂತಿದ್ದೇನೆ. ಆದರೂ ಬೆರಳ ಸಂದಿಯಿಂದ ಹಳೇ ಮೂಳೆಯ ವಾಸನೆ ಹೋಗುತ್ತಿಲ್ಲ.

ಮ್ಯೂಸಿಯಂನವರು ಕೊನೆಗೂ ನನಗೊಂದು ಮೇಜು ಕೊಟ್ಟರು. ಬಂದ ವಸ್ತುವನ್ನು ಒರೆಸುವುದು, ಅಳೆಯುವುದು, ನಂಬರು ಹಾಕಿ ದಾಖಲೆ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಸದ್ಯಕ್ಕೆ ತಾತ್ಕಾಲಿಕ. ಏಪ್ರಿಲ್‌ನಲ್ಲಿ ಹೊಸ ವಿಭಾಗ ತೆರೆದ ಮೇಲೆ ಖಾಯಂ ಮಾಡುತ್ತೇವೆ ಅಂತ ನಿರ್ದೇಶಕರು ಬಾಯಿಮಾತಿಗೆ ಹೇಳಿದ್ದಾರೆ. ಹೊಸ ವಿಭಾಗ ಯಾವುದು ಹೇಳು ನೋಡೋಣ? ನಿಮ್ಮ ಗುಂಡಿ ಕಾರ್ಖಾನೆ! ನೀನೂ ಅಮ್ಮನೂ ದುಡಿದ ಅದೇ ಕಾರ್ಖಾನೆ. ‘ಅಂಗಿಗೆ ಗುಂಡಿ ಮಾಡೋಕೆ ಹೋಗಿ ನಾವೇ ಗುಂಡಿಗೆ ಬಿದ್ವಿ’ ಅಂತ ಅಮ್ಮ ಹೇಳುತ್ತಿದ್ದಳಲ್ಲ. ಅದು ಮುಚ್ಚಿ ಮೂವತ್ತೈದು ವರ್ಷವಾದ ಮೇಲೆ ಮಾಲೀಕರ ಮೊಮ್ಮಗ ಗೋದಾಮಿನಲ್ಲಿದ್ದದ್ದನ್ನೆಲ್ಲ ನಮಗೆ ದಾನ ಕೊಟ್ಟಿದ್ದಾನೆ.

ದಾನ ಅಂದೆ, ಕಸ ಅನ್ನಬೇಕಿತ್ತು. ಮೊದಲ ಪೆಟ್ಟಿಗೆ ತೆಗೆದರೆ ಇಲಿಯ ಗೂಡು. ಹಾಜರಿ ಚೀಟಿಗಳನ್ನೆಲ್ಲ ಚಿಂದಿ ಮಾಡಿ ಹಾಸಿಗೆ ಹಾಸಿಕೊಂಡಿತ್ತು. ಅದರ ಮೇಲೆ ನಾಲ್ಕು ಮರಿ ಒಣಗಿ ಹಪ್ಪಳವಾಗಿದ್ದವು. ಎರಡನೆಯದರಲ್ಲಿ ಅಂಟಿನ ಡಬ್ಬ. ಮುಚ್ಚಳ ತೆಗೆದವಳೇ ಮೂಗು ಹಿಡಿದುಕೊಂಡೆ. ಅಂಟಿನೊಳಗೆ ಜಿರಲೆಗಳು ಕಾಲು ಚಾಚಿಕೊಂಡು ಸಾಲಾಗಿ ನಿಂತಿದ್ದವು.

ಒಂದೇ ಒಂದು ವಸ್ತು ಚೆಂದದ್ದು ಸಿಕ್ಕಿತು. ಮರದ ಮರೆ. ಮೂರು ಮಡಿಕೆ, ಆಳೆತ್ತರ, ಮೇಲಿಂದ ಕೆಳಗೆ ಬಳ್ಳಿಯ ಕೆತ್ತನೆ. ಮಡಿಸಿದರೆ ಬಾಗಿಲಿನಷ್ಟು, ಬಿಡಿಸಿದರೆ ಒಂದು ಪುಟ್ಟ ಕೋಣೆ. ಮೈಯೆಲ್ಲ ಕಪ್ಪು ಜಿಡ್ಡು. ಇಲ್ಲಿಯ ರಿಪೇರಿ ತಾತ, ‘ಹತ್ತಿ ತಗೊಂಡು ನಿನ್ನ ಎಂಜಲಲ್ಲೇ ಒರೆಸು ಮಗಳೇ. ಹಳೇ ಜಿಡ್ಡಿಗೆ ಅದಕ್ಕಿಂತ ಒಳ್ಳೇ ಮದ್ದಿಲ್ಲ’ ಅಂದರು. ಥೂ ಅನಿಸಿತು. ಆದರೆ ನಿಜ. ಹತ್ತು ದಿನ ನಾಲಿಗೆ ಒಣಗುವ ತನಕ ಒರೆಸಿದ್ದೇನೆ. ಈಗ ಬಳ್ಳಿಯ ಒಂದೊಂದು ಎಲೆಯೂ ಹೊಳೆಯುತ್ತಿದೆ.

ಊರವರ ನೆನಪುಗಳನ್ನೂ ಸೇರಿಸುತ್ತಿದ್ದೇವೆ. ಅಮ್ಮ ಇದ್ದಿದ್ದರೆ ಅವಳನ್ನೇ ಕೂರಿಸಿ ಕೇಳುತ್ತಿದ್ದೆ. ಅವಳು ಹೋಗಿ ಆರು ವರ್ಷ ಆಯಿತು. ಈಗ ಇರುವವಳು ನೀನೊಬ್ಬಳೇ. ಫೋನು ನಿನ್ನ ಕಿವಿಗೆ ಹತ್ತುವುದಿಲ್ಲ, ಆದ್ದರಿಂದ ಬರೆದು ಕಳಿಸು. ಆ ಮರೆ ಯಾತಕ್ಕೆ ಇಟ್ಟಿದ್ದರು? ಬಟ್ಟೆ ಬದಲಾಯಿಸಲಿಕ್ಕಾ?

ನಿನ್ನ,
ಕಡ್ಡಿ

*

ಜನವರಿ 21

ಕಡ್ಡಿ,

ಕಾಗದ ಬಂತು. ನಾತ ಬರಲಿಲ್ಲ. ಅಥವಾ ನನ್ನ ಮೂಗು ಆ ಕಾಲದಲ್ಲೇ ಸತ್ತಿರಬೇಕು.

ನೆನಪು ಕೇಳಿದೆಯಲ್ಲ, ತಗೋ. ಮೂಳೆ ಲಾರಿಯಲ್ಲಿ ಬರುತ್ತಿತ್ತು. ಮಾಂಸ ಪೂರ್ತಿ ಬಿಟ್ಟಿರುತ್ತಿರಲಿಲ್ಲ. ಬೇಸಿಗೆಯಲ್ಲಿ ರಾಶಿ ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿತ್ತು. ಹತ್ತಿರ ಹೋದರೆ ಹುಳ. ಅದನ್ನು ಹಂಡೆಗೆ ಹಾಕಿ ಕುದಿಸುತ್ತಿದ್ದರು. ಮೇಲೆ ಬಂದ ಕೊಬ್ಬನ್ನು ಸೌಟಲ್ಲಿ ತೆಗೆದು ಸೋಪಿನವರಿಗೆ ಕೊಡುತ್ತಿದ್ದರು. ಆಮೇಲೆ ಮೂಳೆ ಕೊಯ್ದು, ತೂತು ಕೊರೆದು ಗುಂಡಿ. ಬಸ್ಸಲ್ಲಿ ನಾವು ಕೂತರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ನಮಗೆ ಸೀಟು ಬಿಟ್ಟುಕೊಟ್ಟ ಮರ್ಯಾದೆ ಅಂತ ನಾವೇ ನಗುತ್ತಿದ್ದೆವು.

ನಾನು, ನಿನ್ನ ಅಮ್ಮ ಮೂಳೆಯ ಕಡೆ ಇರಲಿಲ್ಲ. ಚಿಪ್ಪಿನ ವಿಭಾಗ. ಸಮುದ್ರದ ಚಿಪ್ಪಿನಿಂದ ಮಾಡುವ ಮಿನುಗೋ ಗುಂಡಿ. ದುಬಾರಿ ಮಾಲು. ಅಲ್ಲಿ ನಾತ ಕಮ್ಮಿ, ಧೂಳು ಜಾಸ್ತಿ. ಕೆಮ್ಮಿದರೆ ಕರವಸ್ತ್ರ ಮಿಂಚುತ್ತಿತ್ತು.

ಇಷ್ಟು ಸಾಕಲ್ಲ? ಮರೆಯ ವಿಷಯ ನನಗೇನೂ ಗೊತ್ತಿಲ್ಲ.

ನನ್ನ ಮಂಡಿ ಹಾಗೇ ಇದೆ. ಕೆಳಗಿನ ಸೈಕಲ್ ಅಂಗಡಿಯವನು ಮೆಟ್ಟಿಲ ಮೇಲೆಲ್ಲ ಎಣ್ಣೆ ಚೆಲ್ಲಿ, ‘ಅಮ್ಮಾ, ನಿಮ್ಮ ಮಂಡಿಗೂ ಸ್ವಲ್ಪ ಬಿಡ್ಲಾ?’ ಅಂತಾನೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಮೂವತ್ತು ವರ್ಷ ರಕ್ತ, ಕೀವು ಎಲ್ಲ ತೊಳೆದವಳು ನಾನು. ಎಣ್ಣೆಗೆ ಹೆದರುತ್ತೇನಾ?

ಆ ಮರಕ್ಕೆ ಎಂಜಲು ಹಚ್ಚಬೇಡ. ನೀರಿಲ್ಲವಾ ನಿಮ್ಮ ಊರಲ್ಲಿ?

ಚಿಕ್ಕಮ್ಮ

*

ಫೆಬ್ರವರಿ 3

ಚಿಕ್ಕಮ್ಮಾ,

ನಿನ್ನ ಕಾಗದವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಹುಳದ ಹತ್ತಿರ ಬಂದಾಗ ನಿರ್ದೇಶಕರು ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟರು. ‘ಚೆನ್ನಾಗಿದೆ, ಆದ್ರೆ ಜನ ಮನೆಮಂದಿ ಜೊತೆ ಬರ್ತಾರೆ. ನೆನಪು ಅಂದ್ರೆ ಸ್ವಲ್ಪ ಸಿಹಿಯಾಗಿರಬೇಕು’ ಅಂದರು. ನಿನ್ನ ಇಡೀ ಕಾಗದದಲ್ಲಿ ಅವರು ಉಳಿಸಿಕೊಂಡದ್ದು ಎರಡೇ ಪದ: ‘ನಾವೇ ನಗುತ್ತಿದ್ದೆವು.’ ಅದನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸುತ್ತಾರಂತೆ. ಮುಳ್ಳು ಬಿಟ್ಟು ಮೀನು ತಿನ್ನುವವರನ್ನು ನೋಡಿದ್ದೆ, ಇವರು ಬಿಟ್ಟದ್ದು ಮೀನನ್ನೇ. ನನಗೆ ಹೇಸಿಗೆಯಾಯಿತು. ಆದರೆ ಖಾಯಂ ಆಗಬೇಕಲ್ಲ, ತಲೆಯಾಡಿಸಿದೆ.

ಮಾಲೀಕರ ಮೊಮ್ಮಗನೂ ಬಂದಿದ್ದ. ಕೈ ಕುಲುಕಿದರೆ ಬೆಣ್ಣೆ ಹಿಸುಕಿದ ಹಾಗೆ. ಮರೆಯನ್ನು ನೋಡಿ, ‘ನಮ್ಮ ತಾತ ಹೆಣ್ಮಕ್ಕಳ ಮಾನದ ವಿಷಯದಲ್ಲಿ ಬಹಳ ಕಟ್ಟುನಿಟ್ಟು’ ಅಂದ. ಅದನ್ನೇ ಹಿಡಿದು ನಾನು ಚೀಟಿ ಬರೆದೆ: ‘ಕಾರ್ಮಿಕ ಮಹಿಳೆಯರು ಉಡುಪು ಬದಲಾಯಿಸುವಾಗ ಅವರ ಮಾನ ಕಾಯಲೆಂದು ಮಾಲೀಕರು ವಿಶೇಷವಾಗಿ ಮಾಡಿಸಿದ ಮರೆ.’ ಎಲ್ಲರೂ ಮೆಚ್ಚಿದರು. ಪಕ್ಕದ ಗೋಡೆಗೆ ಅಮ್ಮನ ಫೋಟೋ ಹಾಕುತ್ತಿದ್ದೇನೆ. ‘ಚಿಪ್ಪಿನ ವಿಭಾಗದ ಮೊದಲ ಮಹಿಳಾ ಮೇಲ್ವಿಚಾರಕಿ’ ಅಂತ.

ಅಮ್ಮನ ಬಗ್ಗೆ ನನ್ನ ನೆನಪನ್ನೂ ಒಂದು ಸಾಲು ಬರೆದೆ. ಅವಳಷ್ಟು ಶುಚಿಯಾದವಳನ್ನು ನಾನು ನೋಡಿಲ್ಲ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತಿದ್ದಳು, ಚರ್ಮ ಬಿರಿದು ರಕ್ತ ಬಂದರೂ. ನನ್ನ ಹಾಲು ಹಲ್ಲು ಅಲ್ಲಾಡಿದಾಗ ಮಾತ್ರ ಬಾಯಿಗೆ ಕೈ ಹಾಕಲು ಒಪ್ಪಲಿಲ್ಲ. ‘ನೀನೇ ಕಿತ್ಕೋ’ ಅಂದಳು.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಸ್ಟೂಲು ಹತ್ತಿ ಮರೆಯ ಮೇಲಿಂದ ಇಣುಕಿ ನಗುತ್ತಿರುವವಳು ನಾನೇ. ಹೇಗಿದೆ ನಿನ್ನ ಕಡ್ಡಿ?

*

ಫೆಬ್ರವರಿ 25

ಚಿಕ್ಕಮ್ಮಾ,

ಮೂರು ವಾರ ಆಯಿತು, ಕಾಗದ ಇಲ್ಲ. ಮಂಡಿ ನೋವಿದ್ದರೆ ಸೈಕಲ್ ಅಂಗಡಿಯವನ ಕೈಲಾದರೂ ಎರಡು ಸಾಲು ಬರೆಸು.

ನಿನ್ನೆ ‘ನೆನಪಿನ ದಿನ’ ಮಾಡಿದೆವು. ಕಾರ್ಖಾನೆಯಲ್ಲಿ ದುಡಿದವರನ್ನು ಕರೆದು, ಟೀ ಕೊಟ್ಟು, ಮಾತು ರೆಕಾರ್ಡ್ ಮಾಡುವುದು. ಏಳು ಜನ ಮುದುಕಿಯರು ಬಂದರು. ಟೀ ಕುಡಿಯುವ ತನಕ ಎಲ್ಲ ಸರಿಯಿತ್ತು. ಮರೆ ಇಟ್ಟ ಕೋಣೆಗೆ ಕರೆದುಕೊಂಡು ಹೋದದ್ದೇ ತಡ, ಎಲ್ಲರ ಬಾಯಿಗೂ ಬೀಗ. ಒಬ್ಬಳು ಗೋಡೆ ಹಿಡಿದುಕೊಂಡಳು. ವಾರ್ನಿಷ್ ವಾಸನೆಗೆ ತಲೆ ಸುತ್ತಿರಬೇಕು ಅಂತ ಕಿಟಕಿ ತೆಗೆದೆ.

ಇನ್ನೊಬ್ಬಳು, ಎಡಗೈ ಹೆಬ್ಬೆರಳು ಅರ್ಧ ಇಲ್ಲದವಳು, ಅಮ್ಮನ ಫೋಟೋದ ಮುಂದೆ ನಿಂತಳು. ‘ಇವಳು ನಿನಗೇನಾಗಬೇಕು?’ ಅಂದಳು. ‘ನಮ್ಮ ಅಮ್ಮ’ ಅಂದೆ, ಹೆಮ್ಮೆಯಿಂದಲೇ. ಅವಳು ಕೈಯಲ್ಲಿದ್ದ ಲೋಟವನ್ನು ನೆಲದ ಮೇಲಿಟ್ಟು, ಗಂಟಲು ಕೆರೆದು, ನಮ್ಮ ಹೊಸ ಮರದ ನೆಲದ ಮೇಲೆ ಉಗಿದಳು. ಮೂಲೆಯಲ್ಲೂ ಅಲ್ಲ, ನಟ್ಟ ನಡುವೆ. ನನ್ನ ಚಪ್ಪಲಿಗೂ ಸಿಡಿಯಿತು. ಒಂದು ಮಾತಿಲ್ಲದೆ ಹೊರಟುಹೋದಳು. ಉಳಿದವರೂ ಅವಳ ಹಿಂದೆಯೇ.

ನಾನೇ ಬಗ್ಗಿ ಒರೆಸಿದೆ. ಹಳದಿ ಕಫ, ಅದರಲ್ಲಿ ಎಲೆಯಡಿಕೆಯೂ ಇಲ್ಲ, ಏನೂ ಇಲ್ಲ, ಬರೀ ದ್ವೇಷ. ವಯಸ್ಸಾದರೆ ಸಾಕಾ? ಬುದ್ಧಿ ಬೇಡವಾ? ಅಮ್ಮ ಮೇಲೆ ಬಂದಳು ಅಂತ ಹೊಟ್ಟೆಕಿಚ್ಚು, ಅಷ್ಟೇ. ಸತ್ತವಳ ಮುಖಕ್ಕೆ ಉಗಿಯುವವರನ್ನು ಕರೆದು ಟೀ ಕೊಟ್ಟೆನಲ್ಲ ಅಂತ ನನಗೇ ಅಸಹ್ಯವಾಯಿತು.

ಅವಳು ಯಾರು, ನಿನಗೆ ಗೊತ್ತಾ?

ಕಡ್ಡಿ

*

ಮಾರ್ಚ್ 4

ಕಡ್ಡಿ,

ಗೊತ್ತು. ನಾವು ಅವಳನ್ನು ಗಿರಣಿ ಅಂತಿದ್ದೆವು. ಬಾಯಿ ನಿಲ್ಲುತ್ತಿರಲಿಲ್ಲ, ಅದಕ್ಕೆ. ಅವಳು ನಿನ್ನ ಜೊತೆ ಒಂದೇ ಮಾತಾಡಿದಳು ಅಂತ ಬರೆದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನಿನ್ನ ಫೋಟೋವನ್ನು ಮಡಚಿ ಹಾಸಿಗೆ ಕೆಳಗೆ ಹಾಕಿದ್ದೇನೆ. ಆ ಮರೆಯ ಮೇಲಿಂದ ನಗುವ ಮುಖ ನೋಡಲಿಕ್ಕೆ ನನ್ನ ಕೈಲಾಗಲಿಲ್ಲ.

ಅದು ಬಟ್ಟೆ ಬದಲಾಯಿಸುವ ಮರೆ ಅಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಚಿಪ್ಪಿನ ವಿಭಾಗದ ನಲವತ್ತು ಹೆಂಗಸರು ಟೋಕನ್ ನಂಬರಿನಂತೆ ಸಾಲು ನಿಲ್ಲಬೇಕಿತ್ತು. ಗುಂಡಿ ಕದ್ದೊಯ್ಯುತ್ತಾರೆ ಅಂತ ತಪಾಸಣೆ. ಒಬ್ಬೊಬ್ಬರೇ ಮರೆಯ ಹಿಂದೆ. ಜಡೆ ಬಿಚ್ಚಬೇಕು. ಬಟ್ಟೆ ಬಿಚ್ಚಿ ಕೊಡವಬೇಕು. ಮುಟ್ಟಾದ ದಿನವೂ ಬಿಡುತ್ತಿರಲಿಲ್ಲ, ಆ ಬಟ್ಟೆಯನ್ನೂ ತೆಗೆದು ತೋರಿಸಬೇಕು. ಕೊನೆಗೆ ಬಾಯಿ ತೆಗೆಯಬೇಕು. ಒಂದು ಬೆರಳು ಬಂದು ಮೇಲಿನ ವಸಡು, ಕೆಳಗಿನ ವಸಡು, ನಾಲಿಗೆಯಡಿ ಎಲ್ಲ ತಡಕುತ್ತಿತ್ತು. ನಲವತ್ತು ಬಾಯಿಗೂ ಅದೇ ಬೆರಳು. ನಡುವೆ ಒಂದು ಒದ್ದೆ ಬಟ್ಟೆಗೆ ಒರೆಸುವುದು, ಅಷ್ಟೇ. ಒಂದನೇ ನಂಬರಿನವಳಿಂದ ಹಿಡಿದು ಮೂವತ್ತನೆಯವಳ ತನಕ ಎಲ್ಲರ ಎಂಜಲಿನ ರುಚಿ ನನಗೆ ಗೊತ್ತು. ಒಬ್ಬಳಿಗೆ ಹಲ್ಲು ಕೊಳೆತಿತ್ತು. ಆ ವಾಸನೆ ಈಗಲೂ ಗೊತ್ತು.

ಆ ಬೆರಳು ನಿನ್ನ ಅಮ್ಮನದು.

ಮೇಲ್ವಿಚಾರಕಿ ಅಂತ ಕಾಗದದಲ್ಲಿ ಬರೆದಿದ್ದರು. ನಾವು ‘ಬೆರಳಮ್ಮ’ ಅಂತಿದ್ದೆವು, ನಾನೂ ಸೇರಿ. ನನ್ನ ಅಕ್ಕ ಅಂತ ನನಗೇನೂ ರಿಯಾಯಿತಿ ಇರಲಿಲ್ಲ. ದಿನಾ ನನ್ನ ಬಾಯಿಗೂ ಹಾಕಿ, ಅದೇ ಕೈಯಲ್ಲಿ ಮನೆಗೆ ಬಂದು ತಟ್ಟೆಗೆ ಬಡಿಸುತ್ತಿದ್ದಳು.

ಒಂದು ಸಂಜೆ ಗುಂಡಿ ಲೆಕ್ಕಕ್ಕೆ ಕಮ್ಮಿ ಬಂತು. ಮ್ಯಾನೇಜರ್ ಕೂಗಾಡಿದ. ಯಾರನ್ನಾದರೂ ಹಿಡಿಯಲೇಬೇಕಿತ್ತು. ನಿನ್ನ ಅಮ್ಮ ಗಿರಣಿಯನ್ನು ನಿಲ್ಲಿಸಿದಳು. ಮರೆಯನ್ನು ಮಡಿಸಿ ಗೋಡೆಗೆ ಒರಗಿಸಿದರು, ಮ್ಯಾನೇಜರಿಗೂ ಇಬ್ಬರು ಕಾವಲುಗಾರರಿಗೂ ಕಾಣಲಿ ಅಂತ. ಅವಳು ಐದು ತಿಂಗಳ ಬಸುರಿ. ಮೈಮೇಲೆ ನೂಲಿಲ್ಲದ ಹಾಗೆ ಮಾಡಿ ಇಪ್ಪತ್ತು ಸಲ ಕೂತು ಏಳಿಸಿದರು. ಏನೂ ಸಿಗಲಿಲ್ಲ. ಆದರೂ ಕೆಲಸದಿಂದ ತೆಗೆದರು. ಮರುತಿಂಗಳು ನಾನು ಊರು ಬಿಟ್ಟೆ. ಜಗಳ ಮಾಡಿಕೊಂಡು ಹೋದಳು ಅಂತ ನಿನಗೆ ಹೇಳಿದ್ದಾರೆ. ಜಗಳ ಆಗಿರಲಿಲ್ಲ. ಅವಳ ಕೈ ನೋಡಿದರೆ ನನಗೆ ವಾಂತಿ ಬರುತ್ತಿತ್ತು.

ನಿನ್ನ ಚೀಟಿಯನ್ನು ಹರಿದುಹಾಕು.

ಚಿಕ್ಕಮ್ಮ

*

ಮಾರ್ಚ್ 9

ಚಿಕ್ಕಮ್ಮನವರಿಗೆ,

ನಿಮ್ಮ ಕಾಗದ ತಲುಪಿತು.

ಅಮ್ಮ ಸತ್ತಾಗ ನೀವು ಬರಲಿಲ್ಲ. ಮಂಡಿ ನೋವು ಅಂದಿರಿ. ಇಷ್ಟು ವರ್ಷ ನನಗೆ ಬರೆದಿರಿ, ಅವಳಿಗೆ ಒಂದು ಸಾಲು ಬರೆಯಲಿಲ್ಲ. ಈಗ ಅವಳು ಬಾಯಿ ತೆರೆದು ಅಲ್ಲ ಅನ್ನಲಾರಳು ಅಂತ ಖಾತ್ರಿಯಾದ ಮೇಲೆ ಇದನ್ನೆಲ್ಲ ಕಾರಿಕೊಳ್ಳುತ್ತಿದ್ದೀರಿ. ನೀವು ಬಿಟ್ಟುಹೋದ ಮನೆಯನ್ನು ಹೊತ್ತವಳು ಅವಳು. ನನ್ನನ್ನು ಓದಿಸಿದವಳು ಅವಳು.

ಚೀಟಿ ಹರಿಯುವುದಿಲ್ಲ. ನೆಲ ಒರೆಸಿದ ಬಟ್ಟೆಯನ್ನಾದರೂ ತೊಳೆಯಬಹುದು. ನಿಮ್ಮ ಕಾಗದವನ್ನು ಏನು ಮಾಡಲಿ?

*

ಮಾರ್ಚ್ 24

ಚಿಕ್ಕಮ್ಮಾ,

ನೀನು ಉತ್ತರ ಬರೆಯಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಕೊನೆಯ ಪೆಟ್ಟಿಗೆ ಮೊನ್ನೆ ತೆಗೆದೆ. ಕೆಳಗೆ ತಪಾಸಣೆ ಪುಸ್ತಕಗಳು. ಇಲಿ ಮುಟ್ಟಿರಲಿಲ್ಲ; ಅವಕ್ಕೂ ರುಚಿ ಗೊತ್ತಿರಬೇಕು. ಅಮ್ಮನ ಅಕ್ಷರ. ನನ್ನ ಶಾಲೆಯ ಪುಸ್ತಕಗಳ ಮೇಲೆ ಹೆಸರು ಬರೆಯುತ್ತಿದ್ದ ಅದೇ ದುಂಡು ಅಕ್ಷರ. ತಾರೀಕು, ಟೋಕನ್ ನಂಬರು, ಎದುರಿಗೆ ‘ಏನೂ ಇಲ್ಲ’, ‘ಏನೂ ಇಲ್ಲ’, ‘ಏನೂ ಇಲ್ಲ’. ಎಲ್ಲೋ ಒಂದು ಕಡೆ ‘ಜಡೆ: 2’. ಇನ್ನೊಂದು ಕಡೆ ‘ಬಾಯಿ: 1’. ಒಂದು ಕಡೆ ಏನು ಬರೆದಿತ್ತು ಅಂತ ನಿನಗೂ ಬರೆಯಲಾರೆ. ಎಷ್ಟು ನೀಟಾಗಿ ಗೆರೆ ಎಳೆದಿದ್ದಾಳೆ ಗೊತ್ತಾ? ಅಂಚು ಬಿಟ್ಟು, ಸ್ಕೇಲು ಹಿಡಿದು.

ಪುಸ್ತಕ ಮುಚ್ಚಿ ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆಯಲು ಬೆರಳು ಹಾಕಿದೆ. ಆ ಬೆರಳು ಕೂಡ ಅವಳದರ ಹಾಗೇ ಇದೆ, ಉದ್ದ, ಗೆಣ್ಣು ದಪ್ಪ. ಮರೆಯ ಜಿಡ್ಡನ್ನು ಹತ್ತು ದಿನ ನನ್ನ ಎಂಜಲಲ್ಲಿ ಒರೆಸಿದ್ದೆನಲ್ಲ, ಅದು ಯಾರ ಯಾರ ಬೆವರು? ನಿನಗೆ ಬರೆದ ಮಾತುಗಳಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಒಂದು ಮಾತ್ರ ಕೇಳಬೇಕು. ಗಿರಣಿಯ ದಿನದ ಹಾಳೆ ಸಿಕ್ಕಿತು. ಅವಳ ನಂಬರು 32, ಎದುರಿಗೆ ‘ಕೆಲಸದಿಂದ ತೆಗೆದಿದೆ’. ಅದರ ಮೇಲಿನ ಸಾಲು 31, ‘ಏನೂ ಇಲ್ಲ’. ಇಡೀ ಪುಸ್ತಕದಲ್ಲಿ ಆ ಒಂದು ಕಡೆ ಮಾತ್ರ ಅಕ್ಷರ ನಡುಗಿದೆ, ಮಸಿ ಚೆಲ್ಲಿದೆ. ನಿನ್ನ ಹಳೇ ಟೋಕನ್ ಅಮ್ಮನ ಪೆಟ್ಟಿಗೆಯಲ್ಲಿದೆ. ಅದರ ಮೇಲಿರುವುದೂ 31.

ಅವತ್ತು ಏನಾಯಿತು ಚಿಕ್ಕಮ್ಮಾ?

ಕಡ್ಡಿ

*

ಮಾರ್ಚ್ 30

ಕಡ್ಡಿ,

ನನ್ನನ್ನು ‘ನೀವು’ ಅಂದೆಯಲ್ಲ, ಆ ಕಾಗದ ಓದಿ ನನಗೆ ಸಮಾಧಾನವೇ ಆಗಿತ್ತು. ಇನ್ನು ಇವಳು ಕೇಳುವುದಿಲ್ಲ, ನಾನು ಹೇಳಬೇಕಾಗಿಲ್ಲ ಅಂತ. ನೋಡು, ಎಂಥವಳು ನಾನು.

ಗುಂಡಿ ನನ್ನ ಬಾಯಲ್ಲಿತ್ತು. ನಾಲ್ಕು. ನಾಲಿಗೆ ಕೆಳಗೆ.

ಹಸಿವಿಗೆ ಕದ್ದೆ ಅಂತ ಬರೆದರೆ ನಿನಗೆ ಕಣ್ಣೀರು ಬರುತ್ತದೆ. ಅದು ಸುಳ್ಳು. ಶೋಕಿಗೆ. ದಿನಕ್ಕೆ ಸಾವಿರ ಗುಂಡಿ ಉಜ್ಜುವವಳ ಅಂಗಿಗೆ ದಾರ ಕಟ್ಟಿಕೊಳ್ಳಬೇಕಾ ಅಂತ ಹತ್ತೊಂಬತ್ತು ವರ್ಷದ ಸೊಕ್ಕು.

ಅಕ್ಕನ ಬೆರಳು ನಾಲಿಗೆಯಡಿ ಬಂದು ಗುಂಡಿಗೆ ತಾಗಿತು. ನಿಂತಿತು. ನನ್ನ ಕಣ್ಣನ್ನು ನೋಡಿದಳು. ಅಷ್ಟು ದಿನದಲ್ಲಿ ಅವಳು ಯಾರ ಕಣ್ಣನ್ನೂ ನೋಡಿದವಳಲ್ಲ. ‘ಏನೂ ಇಲ್ಲ, ನಡಿ’ ಅಂದಳು. ನಾನು ಹೊರಗೆ ಬಂದು ನುಂಗಿದೆ. ಆಗಲೇ ಮ್ಯಾನೇಜರ್ ಲೆಕ್ಕ ಹಿಡಿದುಕೊಂಡು ಬಂದ, ನಾಲ್ಕು ಕಮ್ಮಿ. ಸಾಲಿನಲ್ಲಿ ನನ್ನ ನಂತರದವಳು ಗಿರಣಿ. ಅಕ್ಕ ಅವಳ ತೋಳು ಹಿಡಿದಳು.

ನಾನು ಬಾಗಿಲ ಹತ್ತಿರ ನಿಂತು ಇಪ್ಪತ್ತೂ ಸಲ ನೋಡಿದೆ. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ, ‘ಉಗುಳು’ ಅಂದಳು.

‘ನುಂಗಿದೆ’ ಅಂದೆ.

ಅವಳು ಹಿತ್ತಲಿಗೆ ಹೋಗಿ ಕೈ ತೊಳೆಯಲಿಕ್ಕೆ ಶುರುಮಾಡಿದಳು. ಅದಕ್ಕೆ ಮೊದಲು ಅವಳು ಎಲ್ಲರ ಹಾಗೆ ತೊಳೆಯುವವಳು.

ಮೂರನೇ ದಿನ ಗುಂಡಿ ಹೊರಗೆ ಬಂತು. ತೊಳೆದೆ. ಹೌದು, ಹೆಕ್ಕಿ ತೊಳೆದೆ. ಅಂಗಿಗೆ ಹೊಲಿದೂ ಹೊಲಿದೆ. ಒಂದು ದಿನವೂ ತೊಡಲಿಕ್ಕಾಗಲಿಲ್ಲ, ಅಂಗಿ ಸಮೇತ ಚರಂಡಿಗೆ ಎಸೆದೆ. ನಲವತ್ನಾಲ್ಕು ವರ್ಷ ಅಕ್ಕನ ಕೈ ಅಸಹ್ಯ ಅಂತ ಹೇಳಿಕೊಂಡು ಬಂದೆ. ಅಸಹ್ಯ ಇದ್ದದ್ದು ನನ್ನ ಬಾಯಲ್ಲಿ.

ಆ ಮಗು ಏನಾಯಿತು ಅಂತ ನಾನು ಯಾವತ್ತೂ ಕೇಳಲಿಲ್ಲ. ಈ ಕಾಗದವನ್ನು ಗಿರಣಿಗೆ ಓದಿ ಹೇಳು. ಪೂರ್ತಿ ಓದು, ನಿನ್ನ ನಿರ್ದೇಶಕರ ಹಾಗೆ ಆರಿಸಬೇಡ.

ಚಿಕ್ಕಮ್ಮ

*

ಏಪ್ರಿಲ್ 5

ಚಿಕ್ಕಮ್ಮಾ,

ಗಿರಣಿಯ ಮನೆಗೆ ಹೋಗಿದ್ದೆ. ಹಳೇ ಕಾರ್ಖಾನೆಯ ಹಿಂದಿನ ಬೀದಿ, ಎರಡು ಕೋಣೆ, ಮುಂದೆ ನೀರಿನ ಡ್ರಮ್ಮು. ಬಾಗಿಲು ತೆಗೆದವಳಿಗೆ ನಲವತ್ತು ದಾಟಿದೆ. ಕನ್ನಡಕದಂಗಡಿಯಲ್ಲಿ ಕೆಲಸ, ತುಂಬ ನಗುತ್ತಾಳೆ. ಆ ಮಗು ಇವಳೇ. ಬದುಕಿದ್ದಾಳೆ. ಇದನ್ನು ಮೊದಲು ಬರೆಯುತ್ತಿದ್ದೇನೆ, ನೀನು ಉಸಿರು ಬಿಡಲಿ ಅಂತ.

ಗಿರಣಿ ನನ್ನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲ ಆಚೆ ನಿಂತೇ ಓದಿದೆ. ಪೂರ್ತಿ. ಚರಂಡಿಯ ತನಕ ಓದಿದ ಮೇಲೆ ಕೇಳಿದಳು, ‘ಮುಗೀತಾ?’

‘ಮುಗೀತು.’

‘ಇದರಲ್ಲಿ ಹೊಸದೇನಿದೆ? ನಾನು ಮರೆಯ ಈಚೆ, ಅವಳ ಹಿಂದೇನೇ ನಿಂತಿದ್ದೆ. ಅವಳ ಹಲ್ಲಿಗೆ ಗುಂಡಿ ತಾಗಿ ಟಕ್ ಅಂದದ್ದು ನನಗೆ ಕೇಳಿತ್ತು.’

‘ಮತ್ತೆ ಯಾಕೆ ಹೇಳಲಿಲ್ಲ?’ ಅಂದೆ.

‘ಹೇಳಿದ್ರೆ ನನ್ನನ್ನ ಬಿಡ್ತಿದ್ರಾ? ನನ್ನ ಪಕ್ಕದಲ್ಲಿ ಅವಳನ್ನೂ ಬತ್ತಲೆ ನಿಲ್ಲಿಸ್ತಿದ್ರು. ನೋಡೋರಿಗೆ ಇನ್ನೊಂದು ತಮಾಷೆ. ಆ ಮೂರು ಜನ ನೋಡ್ತಿದ್ದ ರೀತಿ ನೋಡಿ ನನಗೆ ಹೇಸಿಗೆ ಬಂದಿತ್ತಮ್ಮ. ಅವರ ಕಣ್ಣಿಗೆ ಇನ್ನೊಂದು ತುತ್ತು ಹಾಕೋಕೆ ಮನಸ್ಸಾಗಲಿಲ್ಲ.’

ಕಾಗದ ಮಡಿಸುವಾಗ ಗದರಿಸಿದಳು. ‘ಕ್ಷಮಿಸಿದಾಳೆ ಗಿಮಿಸಿದಾಳೆ ಅಂತ ಬರೆದುಬಿಟ್ಟೀಯ ಮತ್ತೆ! ಅವತ್ತಿನದು ಬಿಡು, ಹುಡುಗಿ, ಹೆದರಿದ್ಳು. ಆಮೇಲೆ ಇಷ್ಟು ವರ್ಷ ಒಂದು ಸಲ ಬಂದು ಬಾಗಿಲು ತಟ್ಟೋಕೆ ಅವಳಿಗೇನು ರೋಗ? ಇನ್ನೊಬ್ಬರ ಬಾಯಲ್ಲಿ ಓದಿಸ್ತಾಳಂತೆ.’

ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಅಮ್ಮನ ಬಗ್ಗೆ ಅವಳು ಒಂದು ಅಕ್ಷರ ಆಡಲಿಲ್ಲ. ನಾನೂ ಕೇಳಲಿಲ್ಲ.

ಹೊಸ ಚೀಟಿ ಬರೆದು ನಿರ್ದೇಶಕರಿಗೆ ಕೊಟ್ಟೆ. ಓದಿ, ಎರಡು ಬೆರಳಲ್ಲಿ ಸತ್ತ ಇಲಿ ಹಿಡಿದ ಹಾಗೆ ವಾಪಸ್ ಕೊಟ್ಟರು. ‘ಉದ್ಘಾಟನೆಗೆ ಒಂದು ವಾರ ಇದೆ. ನಿನ್ನ ಖಾಯಂ ಆದೇಶ ನನ್ನ ಮೇಜಿನ ಮೇಲಿದೆ. ಹಳೇ ಚೀಟಿ ಇರಲಿ’ ಅಂದರು.

ಚೀಟಿ ಅವರ ಕೈಲಿದೆ. ದಾಖಲೆ ಪುಸ್ತಕ ನನ್ನ ಕೈಲಿದೆ. ಅದಕ್ಕೆ ಏರಿಸಿದ ಸಾಲನ್ನು ಅಳಿಸಲಿಕ್ಕೆ ನಿರ್ದೇಶಕರಿಗೂ ಅಧಿಕಾರ ಇಲ್ಲ. ಅಳಿಸಲಾಗದ ಮಸಿಯಲ್ಲೇ ಬರೆಯಬೇಕು ಅಂತ ನಿಯಮ. ಇವತ್ತು ಬರೆದೆ: ‘ಮರದ ಮರೆ, ಮೂರು ಮಡಿಕೆ. ಗುಂಡಿ ಕಾರ್ಖಾನೆಯ ಮಹಿಳಾ ಕಾರ್ಮಿಕರ ಮೈ ಮತ್ತು ಬಾಯಿ ತಪಾಸಣೆಗೆ ಬಳಸಿದ್ದು. ತಪಾಸಣೆ ಮಾಡುತ್ತಿದ್ದವರು: ಈ ಸಾಲು ಬರೆಯುತ್ತಿರುವವಳ ತಾಯಿ. ಮಾಡಿಸುತ್ತಿದ್ದವರು: ಮಾಲೀಕರು.’ ಮಸಿ ಚೆಲ್ಲಲಿಲ್ಲ.

ಅಮ್ಮನ ಫೋಟೋ ಮನೆಗೆ ತಂದಿದ್ದೇನೆ. ಎಲ್ಲಿಡುವುದು ಅಂತ ಗೊತ್ತಾಗದೆ ಕುರ್ಚಿಯ ಮೇಲಿಟ್ಟಿದ್ದೇನೆ.

ಕಡ್ಡಿ

*

ಏಪ್ರಿಲ್ 14

ಚಿಕ್ಕಮ್ಮಾ,

ಉದ್ಘಾಟನೆ ಮೊನ್ನೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಏಳೂ ಮುದುಕಿಯರಿಗೆ ಆಹ್ವಾನ ಹೋಗಿತ್ತು, ‘ನೆನಪಿನ ದಾನಿಗಳು’ ಅಂತ. ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಏಳೂ ಜನ ಬಂದರು, ಗಿರಣಿ ಮುಂದೆ. ಗೋಡೆಯ ಮೇಲೆ ‘ನಾವೇ ನಗುತ್ತಿದ್ದೆವು’. ಮೊಮ್ಮಗ ಭಾಷಣ ಮಾಡಿದ. ‘ನಮ್ಮ ತಾತ ಕಾರ್ಮಿಕರನ್ನ ಸ್ವಂತ ಮಕ್ಕಳ ಹಾಗೆ ನೋಡ್ಕೊಂಡ್ರು’ ಅಂದಾಗ ಸೆಂಟು ಹಾಕಿಕೊಂಡ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಮರೆಯ ಮುಂದೆ ಫೋಟೋ. ಫೋಟೋದವನು ಗಿರಣಿಯನ್ನು ಕರೆದು ಮೊಮ್ಮಗನ ಪಕ್ಕ ನಿಲ್ಲಿಸಿದ. ಅವನು ಅವಳ ಹೆಗಲ ಮೇಲೆ ಕೈ ಹಾಕಿ, ‘ಅಜ್ಜಿ, ಏನಾದ್ರೂ ಹೇಳಿ’ ಅಂದ.

‘ಸ್ವಲ್ಪ ಬಾಯಿ ತೆಗಿಯಪ್ಪ.’

ಅವನು ಅದೇನೋ ಪ್ರೀತಿ ಅಂದುಕೊಂಡ. ಕ್ಯಾಮೆರಾ ಕಡೆ ನೋಡುತ್ತ ಆ ಅಂತ ತೆಗೆದ. ಅವಳು ಎಡಗೈಯ ಮೊಂಡು ಹೆಬ್ಬೆರಳಲ್ಲಿ ಗದ್ದ ಒತ್ತಿ ಹಿಡಿದು, ಬಲಗೈ ಬೆರಳನ್ನು ಒಳಗೆ ಹಾಕಿದಳು. ಮೇಲಿನ ವಸಡು, ಕೆಳಗಿನ ವಸಡು, ನಾಲಿಗೆಯಡಿ. ಎಲ್ಲೂ ಅವಸರ ಇಲ್ಲ. ಅವನಿಗೆ ಓಕರಿಕೆ ಬಂತು, ಜೊಲ್ಲು ಟೈ ಮೇಲೆ ಇಳಿಯಿತು. ಬೆರಳು ತೆಗೆದು, ಮರೆಯ ಸುತ್ತ ಕಟ್ಟಿದ್ದ ರೇಷ್ಮೆ ಪಟ್ಟಿಗೆ ಒರೆಸಿ, ನಿರ್ದೇಶಕರ ಕಡೆ ತಿರುಗಿದಳು. ‘ಮುಂದಿನೋರು ಬನ್ನಿ.’

ಅವರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹಿಂದೆ ಸರಿದರು. ‘ಏನಿದು? ಏನಿದು ಹೇಸಿಗೆ!’ ಅಂತ ಕಿರುಚಿದರು.

‘ಹೌದಲ್ವಾ?’ ಅಂದಳು ಗಿರಣಿ.

ಅವಳು ಮಾತಾಡಲು ಶುರುಮಾಡಿದಳು. ಚಿಕ್ಕಮ್ಮಾ, ನೀವೆಲ್ಲ ಆ ಹೆಸರು ಸುಮ್ಮನೆ ಇಟ್ಟದ್ದಲ್ಲ. ಅರ್ಧ ಗಂಟೆ ನಿಲ್ಲಲಿಲ್ಲ. ಉಳಿದ ಆರು ಜನ ನಡುನಡುವೆ ಸೇರಿಕೊಂಡರು. ಯಾರೂ ಕಣ್ಣೀರು ಹಾಕಲಿಲ್ಲ. ಮರೆಯನ್ನು ಮುಟ್ಟಿ ಮುಟ್ಟಿ ತೋರಿಸಿದರು, ಇಲ್ಲಿ ಸಾಲು, ಇಲ್ಲಿ ಒದ್ದೆ ಬಟ್ಟೆ, ಇಲ್ಲಿ ಮ್ಯಾನೇಜರನ ಕುರ್ಚಿ. ಯಾರೋ ಒಬ್ಬರು, ‘ಅಂಥಾ ಕೆಲಸ ಮಾಡಿದ ಹೆಂಗಸು ಯಾರು?’ ಅಂದರು. ಏಳೂ ಜನ ಸುಮ್ಮನಾದರು. ಒಬ್ಬಳೂ ನನ್ನ ಕಡೆ ತಿರುಗಲಿಲ್ಲ. ನಾನೇ ಹೇಳಿದೆ.

ಮರುದಿನ ಮೊಮ್ಮಗ ಮರೆಯನ್ನು ವಾಪಸ್ ಕೇಳಿದ. ದಾಖಲೆಗೆ ಏರಿದ ವಸ್ತು ಹಾಗೆಲ್ಲ ಹೊರಗೆ ಹೋಗುವುದಿಲ್ಲ, ಸಮಿತಿ ಕೂರಬೇಕು. ಸಮಿತಿಯವರು ಇವತ್ತು ಬೆಳಿಗ್ಗೆ ಪುಸ್ತಕ ತರಿಸಿ ನನ್ನ ಸಾಲು ಓದಿದರು. ಮರೆ ಅಲ್ಲೇ ಉಳಿಯಿತು, ಆ ಸಾಲೇ ಈಗ ಚೀಟಿ. ನನ್ನನ್ನು ಮಾತ್ರ ತೆಗೆದರು. ಶುಕ್ರವಾರ ಕೊನೆಯ ದಿನ. ರಿಪೇರಿ ತಾತ ಒಂದು ಬಂಡಲ್ ಹತ್ತಿ ಕಟ್ಟಿಕೊಟ್ಟು, ‘ಇನ್ನೆಲ್ಲಾದರೂ ಜಿಡ್ಡು ಇದ್ದೇ ಇರತ್ತೆ ಮಗಳೇ’ ಅಂದರು. ದುಃಖ ಆಗಿಲ್ಲ ಅಂದರೆ ಸುಳ್ಳು.

ಉದ್ಘಾಟನೆಯ ದಿನ ಹೊರಡುವಾಗ ಗಿರಣಿ ನನ್ನ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡು ಕುಡಿದಳು.

ಕಡ್ಡಿ

*

ಏಪ್ರಿಲ್ 19

ಕಡ್ಡಿ,

ನಿನ್ನ ಕಾಗದವನ್ನು ಸೈಕಲ್ ಅಂಗಡಿಯವನಿಗೆ ಓದಿ ಹೇಳಿದೆ, ನನ್ನ ಪಾಲಿನದೂ ಸೇರಿಸಿ. ಬಾಯಿಬಿಟ್ಟು ಹೇಳಿದರೆ ಹೇಗಿರುತ್ತದೆ ಅಂತ ನೋಡಬೇಕಿತ್ತು. ಅವನು ಪಂಪು ಬದಿಗಿಟ್ಟು, ‘ಯಾವಾಗ ಹೋಗ್ತೀರಿ?’ ಅಂದ. ಆಮೇಲೆ ಟಿಕೆಟ್ ತಂದುಕೊಟ್ಟ.

ಸೋಮವಾರ ಬೆಳಿಗ್ಗೆ ಬಸ್ಸು ನಿಮ್ಮೂರು ತಲುಪುತ್ತದೆ. ನಿಲ್ದಾಣಕ್ಕೆ ಬರಬೇಡ. ಮಂಡಿ ಎಳೆದುಕೊಂಡು ಹೇಗೋ ನಡೆಯುತ್ತೇನೆ, ಆ ಬೀದಿ ನನಗೆ ಗೊತ್ತು. ಮೊದಲು ಗಿರಣಿಯ ಮನೆ, ಆಮೇಲೆ ನಿನ್ನದು. ಅವಳು ಒಳಗೆ ಬಿಡದಿದ್ದರೆ ನೀರಿನ ಡ್ರಮ್ಮಿನ ಪಕ್ಕ ಕೂರುತ್ತೇನೆ. ಉಗಿದರೆ ಒರೆಸಿಕೊಳ್ಳುತ್ತೇನೆ. ನೀನು ನಡುವೆ ಬರಬೇಡ, ಎಷ್ಟು ಹೊತ್ತಾದರೂ.

ಚಿಕ್ಕಮ್ಮ